ನಾಲ್ಕನೆಯ ಮೂಲೆಗೆ ಕಣ್ಣಿಲ್ಲ

ಈ ಕಥೆಯನ್ನು ಮೊದಲು ಹೇಳಿದವಳು ಕುರಿಗಾಹಿಗಳ ಬೆಟ್ಟನಾಡಾದ ನಾರಿನ್ ಸೀಮೆಯ ಕಾಲ್ಬೂಬು. ಎರಡು ವರ್ಷದ ಹಿಂದೆ, ಶರತ್ಕಾಲದ ಉಣ್ಣೆ ಕತ್ತರಿಸಿ ಮುಗಿದ ಮೇಲೆ, ಹನ್ನೊಂದು ಮಂದಿ ಹೆಂಗಸರು ಸುತ್ತ ಕುಳಿತು ಕೋಲಿನಿಂದ ಉಣ್ಣೆ ಬಡಿಯುತ್ತಿದ್ದಾಗ ಹೇಳಿದಳು. ಆಮೇಲೆ ಇದನ್ನು ಹೇಳಿದವರಲ್ಲಿ ಒಬ್ಬರು ನಾಯಿಯನ್ನು ಮರೆತರು, ಇನ್ನೊಬ್ಬರು ಮಂಜನ್ನು ಹಿಮವೆಂದರು. ಇಲ್ಲಿರುವುದು ಕಾಲ್ಬೂಬು ಹೇಳಿದ ಕ್ರಮ. ಕಥೆಯ ಜೂರಾಕಾನ್ ಅವಳ ಗಂಡನ ಅಕ್ಕ. ಕಥೆಯಲ್ಲಿ ಸತ್ತವನು ಕಾಲ್ಬೂಬುವಿನ ಆ ಗಂಡ, ಒರ್ಮೋನ್.

ಒರ್ಮೋನನಿಗೆ ಪೆನಿಸಿಲಿನ್ ಔಷಧ ಆಗುತ್ತಿರಲಿಲ್ಲ. ಅದನ್ನು ಕಂಡವರಿಗೆ ತಿಳಿಸಲೆಂದು ಪೇಟೆಯ ಒಂದು ಕಂಪನಿ ಅವನ ಕೊರಳಿಗೆ ಒಂದು ಕಾರ್ಡು ಕಟ್ಟಿತ್ತು. ಅದರ ಮೇಲೆ ಕ್ಯೂಆರ್ ಕೋಡಿನ ಕಪ್ಪು ಬಿಳಿ ಚೌಕಳಿ. ಬೇರೆ ಬೇರೆ ಕಂಪನಿಗಳ ಇಂಥ ಕಾರ್ಡು ಆ ಸೀಮೆಯಲ್ಲಿ ಬಹಳ ಮಂದಿಯ ಕೊರಳಲ್ಲಿತ್ತು. ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲಿನಲ್ಲಿ ಅವನು ಜ್ವರ ಬಂದು ಪ್ರಜ್ಞೆ ತಪ್ಪಿದಾಗ, ನೆರೆಯ ಗುಡಾರದವರು ಆ ಚೌಕಳಿಗೆ ಫೋನು ಹಿಡಿದರು. ಬಿಳಿಯ ಪುಟವೊಂದು ಬಂತು. ಅದರ ನಡುವೆ ಸಣ್ಣ ಬಳೆಯೊಂದು ತಿರುಗತೊಡಗಿತು. ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಕೊನೆಗೆ ಕಾಯಲಾರದೆ, ಕುರಿಗಳಿಗೆಂದು ಇಟ್ಟಿದ್ದ ಇಂಜಕ್ಷನ್ನನ್ನು ಅವರು ಕನಿಕರದಿಂದಲೇ ಚುಚ್ಚಿದರು. ಅದು ಪೆನಿಸಿಲಿನ್ ಆಗಿತ್ತು. ಬಟ್ಟಲಿನ ಚಹಾ ಆರುವ ಮುನ್ನ ಒರ್ಮೋನ್ ಆರಿಹೋದ.

ಸಾವಿನ ನಲವತ್ತನೆಯ ದಿನದ ಊಟಕ್ಕೆ ಎಲ್ಲರೂ ಕೆಳಗಿನ ಹಳ್ಳಿಯಲ್ಲಿ ಸೇರಿದ್ದರು. ಅಲ್ಲಿ ಸಿಗ್ನಲ್ ಇತ್ತು. ಯಾರೋ ಸತ್ತವನ ಕಾರ್ಡಿಗೆ ಮತ್ತೆ ಫೋನು ಹಿಡಿದರು. ಈ ಸಲ ಪುಟ ತೆರೆಯಿತು. ಅದರಲ್ಲಿ ಒರ್ಮೋನನ ಹೆಸರಿರಲಿಲ್ಲ. ಗುರುತೇ ಇಲ್ಲದ ಒಬ್ಬ ಗಂಡಸು ಎಲ್ಲ ಹಲ್ಲು ತೋರಿಸಿ ನಗುತ್ತ ಹಲ್ಲುಪುಡಿ ಮಾರುತ್ತಿದ್ದ. ಅಂದಿನಿಂದ ಆ ಊರಿನಲ್ಲಿ ಬಿಸ್ಕತ್ತಿನ ಪೊಟ್ಟಣಗಳನ್ನೂ ಚೌಕಳಿಯ ಮಗ್ಗುಲು ಗೋಡೆಗೆ ತಿರುಗಿಸಿ ಇಡುತ್ತಿದ್ದರು.

ಆ ಚಳಿಗಾಲ ಜೂರಾಕಾನಳಿಗೂ ಅದೇ ಔಷಧದಿಂದ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತು. ಚುಚ್ಚಿದ್ದು ಹಳ್ಳಿಯ ಆರೋಗ್ಯ ಸಹಾಯಕಿ ಅಸಿಲ್‌ಕಾನಳ ಕೋಣೆಯಲ್ಲೇ ಆದ್ದರಿಂದ, ಅವಳು ಕೂಡಲೇ ಬೇರೆ ಮದ್ದು ಕೊಟ್ಟು ಉಳಿಸಿಕೊಂಡಳು. ಮರುವಾರ ಜೂರಾಕಾನಳ ಮನೆಗೇ ಬಂದಳು.

"ಅಕ್ಕಾ, ಬೇಸಿಗೆಗೆ ಮೇಲೆ ಹೋಗೋ ಮುಂಚೆ ನೀವೂ ಒಂದು ಕೋಡ್ ಹಾಕ್ಕೊಳ್ಳಿ."

"ತಮ್ಮನ್ನ ನುಂಗಿದ್ದು ಸಾಲ್ದೇನೇ? ಈಗ ನನ್ನ ಹೆಸರಲ್ಲಿ ಯಾವನು ಹಲ್ಲುಗಿಂಜಿ ನಗಬೇಕು?"

"ಒರ್ಮೋನಣ್ಣನ ಕಾರ್ಡಲ್ಲಿ ಮಾತೇ ಇರ್ಲಿಲ್ಲ ಅಕ್ಕಾ. ಒಂದು ವಿಳಾಸ ಇತ್ತು, ಅಷ್ಟೇ. ಮಾತು ಇದ್ದದ್ದು ಎಲ್ಲೋ ದೂರದ ವೆಬ್‌ಸೈಟಲ್ಲಿ. ಸಿಗ್ನಲ್ ಇಲ್ದಿದ್ರೆ ಆ ಬಾಗಿಲು ತೆಗೆಯಲ್ಲ. ಆಮೇಲೆ ಕಂಪನಿ ಮುಚ್ಚಿತು. ಖಾಲಿ ಮನೆಗೆ ಬೇರೆಯೋನು ಬಂದು ಕೂತ."

"ನಿನ್ನ ಕೋಡಿಗೆ ಯಾರು ಬಂದು ಕೂರ್ತಾರೆ?"

"ಯಾರೂ ಇಲ್ಲ. ಅದಕ್ಕೆ ಬಾಗಿಲೇ ಇಲ್ಲ. ನಿಮ್ಮ ಪೆಟ್ಟಿಗೆಯೊಳಗೆ ಮದುವೆ ಅಂಗಿ ಇಟ್ಟ ಹಾಗೆ, ಮಾತನ್ನೇ ಆ ಚೌಕಳಿಯೊಳಗೆ ಮಡಚಿ ಇಡೋದು."

"ಬೀಗ?"

"ಬೀಗ ಇಲ್ಲ. ಫೋನಿದ್ದೋರೆಲ್ಲ ಓದಬಹುದು. ಅದಕ್ಕೇ ಪಿಂಚಣಿ ನಂಬರು, ಗುಟ್ಟು ಗಿಟ್ಟು ಏನೂ ಹಾಕ್ಬಾರ್ದು. ಪ್ರಾಣ ಉಳಿಸೋ ಮಾತಷ್ಟೇ."

"ಹಾಗಾದ್ರೆ ಅಕ್ಷರದಲ್ಲೇ ಹೊಲಿದರೆ ಏನು ರೋಗ?"

"ಅದನ್ನೂ ಹೊಲೀರಿ. ಆದರೆ ಮೇಲಿರೋ ಮುದುಕರಲ್ಲಿ ಅರ್ಧ ಜನಕ್ಕೆ ಕಣ್ಣು ಕಾಣಲ್ಲ. ಫೋನಾದ್ರೆ ಗಟ್ಟಿಯಾಗಿ ಓದಿ ಹೇಳುತ್ತೆ."

ಮಾತು ಉದ್ದವಾದಷ್ಟೂ ಚೌಕಗಳು ಸಣ್ಣವಾಗುತ್ತವೆ, ಚಿಕ್ಕದಾಗಿ ಹೇಳಬೇಕು ಎಂದು ಅಸಿಲ್‌ಕಾನ್ ಎಚ್ಚರಿಸಿದಳು. ಇಬ್ಬರೂ ಕೂಡಿ ಮೂರು ವಾಕ್ಯ ಮಾಡಿದರು. ಫೋನು ಅದನ್ನು ಮೂವತ್ತೇಳು ಸಾಲು, ಸಾಲಿಗೆ ಮೂವತ್ತೇಳು ಮನೆಗಳ ಚೌಕಳಿಯಾಗಿಸಿತು. ಅದನ್ನು ಒಂದು ಹಾಳೆಗೆ ಇಳಿಸಿಕೊಂಡರು.

ಜೂರಾಕಾನ್ ಸೀಮೆಗೆಲ್ಲ ಹೆಸರಾದ ಉಣ್ಣೆಹಾಸಿನ ಕೆಲಸಗಾರ್ತಿ. ಬಿಳಿ ಉಣ್ಣೆಯ ತೋಳಿಲ್ಲದ ಅಂಗಿಯೊಂದರ ಬೆನ್ನಿಗೆ, ಕಪ್ಪು ನೂಲಿನಲ್ಲಿ, ಮನೆಗೆ ಮನೆ ಎಣಿಸಿ ಅದನ್ನು ಕಸೂತಿ ಹಾಕಿದಳು. ಕೊನೆಯ ಮೂಲೆಗೆ ಬಂದಾಗ ಸೂಜಿ ನಿಲ್ಲಿಸಿದಳು. ಚೌಕಳಿಯ ಮೂರು ಮೂಲೆಗಳಲ್ಲಿ ಮೂರು ದೊಡ್ಡ ಕಣ್ಣುಗಳಿದ್ದವು. ನಾಲ್ಕನೆಯ ಮೂಲೆ ಕುರುಡು. ಮೂಲೆ ತೆರೆದು ಬಿಟ್ಟ ಹಾಸಿನೊಳಗೆ ಮಲಗಿದವರ ಎದೆಯ ಮೇಲೆ ಕೂರುವ ಹಳದಿ ಹೆಣ್ಣುದೆವ್ವ, ಅಲ್ಬಾರ್ಸ್ತಿ, ನುಗ್ಗುತ್ತಾಳೆಂದು ಅವಳ ಅಜ್ಜಿ ಹೇಳುತ್ತಿದ್ದಳು. ಆ ಮನೆತನದಲ್ಲಿ ಮೂಲೆ ಮುಚ್ಚದ ಹಾಸು ಒಂದೂ ಹೊರಬಿದ್ದಿರಲಿಲ್ಲ. ಜೂರಾಕಾನ್ ಯಾರಿಗೂ ಹೇಳದೆ ನಾಲ್ಕನೆಯ ಕಣ್ಣನ್ನೂ ಹೊಲಿದಳು.

ಅಂಗಿಯನ್ನು ಗೋಡೆಗೆ ತೂಗುಹಾಕಿದಾಗ, ಹದಿಮೂರು ವರ್ಷ ಅವಳ ಕಾಲಡಿಯಲ್ಲೇ ಮಲಗಿದ್ದ ನಾಯಿ ಎದ್ದು ಹೊರಗೆ ಹೋಗಿ ಕುಳಿತಿತು.

ಅಸಿಲ್‌ಕಾನ್ ಬಂದವಳೇ ಫೋನಿನಲ್ಲಿ ವಿಮಾನದ ಗುರುತು ಒತ್ತಿ ಸಿಗ್ನಲ್ ಕಡಿದಳು. ಅಂಗಿಗೆ ಹಿಡಿದಳು. ಫೋನು ಸುಮ್ಮನಿತ್ತು. ಹತ್ತಿರ ಹಿಡಿದಳು, ದೂರ ಹಿಡಿದಳು. ಫೋನು ಏನನ್ನೋ ನೋಡುತ್ತಿತ್ತು, ಹೇಳುತ್ತಿರಲಿಲ್ಲ.

"ಅಕ್ಕಾ, ಈ ಮೂಲೇಲಿ ಏನು ಮಾಡಿದ್ರಿ?"

"ಮುಚ್ಚಿದೆ. ತೆರೆದಿಟ್ಟು ಮಲಗು ಅಂತೀಯಾ?"

"ಅಯ್ಯೋ, ಆ ಮೂರು ಕಣ್ಣು ನೋಡಿಯೇ ಫೋನು ತಲೆ ಯಾವುದು ಕಾಲು ಯಾವುದು ಅಂತ ತಿಳಿಯೋದು. ನಾಲ್ಕೂ ಕಡೆ ಕಣ್ಣಿಟ್ಟರೆ ಅದಕ್ಕೆ ದಿಕ್ಕು ತಪ್ಪುತ್ತೆ. ಅಲ್ಲಿದ್ದ ನಿಮ್ಮ ಮಾತೂ ಕಣ್ಣಿನ ಕೆಳಗೆ ಹೂತುಹೋಯ್ತು."

"ಯಾವ ಮಾತು?"

"ಯಾವುದಾದ್ರೇನು? ಬದುಕಿಸೋ ಮಾತು ಅದೇ ಆಗಿದ್ರೆ?"

ಜೂರಾಕಾನ್ ಅಂಗಿಯನ್ನು ಮಡಿಲಿಗೆ ಎಳೆದುಕೊಂಡಳು. ಅಜ್ಜಿಯ ಹೆಸರು ಹೇಳಿ ಕ್ಷಮೆ ಬೇಡಿ, ನಾಲ್ಕನೆಯ ಕಣ್ಣನ್ನು ಎಳೆ ಎಳೆಯಾಗಿ ಬಿಚ್ಚಿ, ಹಾಳೆಯಲ್ಲಿದ್ದಂತೆ ಮತ್ತೆ ಹೊಲಿದಳು. ಸಿಗ್ನಲ್ ಇಲ್ಲದ ಫೋನಿನಲ್ಲಿ ಮೂರು ವಾಕ್ಯ ಮೂಡಿದವು.

"ನೋಡೋಣ," ಎಂದಳು ಜೂರಾಕಾನ್. ನಂಬಿದೆ ಎನ್ನಲಿಲ್ಲ.

ಜುಲೈ ತಿಂಗಳು. ಮಗ ಸೊಸೆ ಹೆಣ್ಣುಕುದುರೆಗಳನ್ನು ಹೊಡೆದುಕೊಂಡು ಮೇಲಿನ ಇಳಿಜಾರಿಗೆ ಹೋಗಿದ್ದರು. ಹುಲ್ಲುಗಾವಲಿನ ಗುಡಾರದಲ್ಲಿ ಜೂರಾಕಾನ್ ಒಬ್ಬಳೇ, ಮೈಮೇಲೆ ಆ ಕಸೂತಿಯ ಅಂಗಿ. ಉಣ್ಣೆ ಕತ್ತರಿ ಬಿದ್ದು ಕೊಯ್ದ ಪಾದ ಕೀವಾಗಿ, ಮೂರನೆಯ ದಿನ ಕೆಂಪು ಗೆರೆಯೊಂದು ಮೊಣಕಾಲಿಗೆ ಏರಿತು. ನಡುಮಧ್ಯಾಹ್ನ ಮಂಜು ಇಳಿದು, ಬಾಗಿಲ ಹೊರಗಿನ ಲೋಕವನ್ನು ಅಳಿಸಿಹಾಕಿತು. ಜ್ವರ ಏರಿ ಅವಳ ನಾಲಿಗೆ ಅಂಗುಳಿಗೆ ಅಂಟಿತು. ಕೂಗಲು ಬಾಯಿ ತೆರೆದಳು, ಸದ್ದು ಬರಲಿಲ್ಲ.

ಆಗ ಒಲೆಯ ಆಚೆ ಯಾರೋ ಕುಳಿತಿರುವುದು ಕಂಡಿತು. ಒರ್ಮೋನನ ಟೋಪಿ, ಒರ್ಮೋನನ ಭುಜ. ಮುಖವಿರಬೇಕಾದ ಕಡೆ ಬರಿಯ ಬಿಳುಪು. ಆ ಬಿಳುಪಿನ ನಡುವೆ ಸಣ್ಣ ಬಳೆಯೊಂದು ತಿರುಗುತ್ತಿತ್ತು.

ಮಂಜಿನೊಳಗಿಂದ ಕುದುರೆಯ ಗೊರಸು ಕೇಳಿಸಿತು. ಒಳಗೆ ಬಂದವನು ಪಕ್ಕದ ಕಣಿವೆಯ ಮುದುಕ ಸಾದಿರ್‌ಬಾಯ್. ಪೊರೆ ಬಂದ ಕಣ್ಣು ಅವನದು. ಅಂಗಡಿಯ ಬೋರ್ಡನ್ನೂ ಫೋನು ಓದಿಹೇಳಬೇಕು.

"ಜೂರಾಕಾನ್! ಏನವ್ವಾ, ಒಲೆಗಿಂತ ನೀನೇ ಬಿಸಿ ಇದ್ದೀಯಲ್ಲ!" ಅವನು ಅವಳ ಹಣೆ ಮುಟ್ಟಿದ, ಕಾಲು ಮುಟ್ಟಿದ. "ಹೆದರ್ಬೇಡ. ಕುರಿ ಮದ್ದು ಇದೆ ನನ್ನ ಹತ್ರ. ಟಗರಿಗೆ ಆದದ್ದು ನಿನಗಾಗಲ್ವಾ?"

ಚೀಲದಿಂದ ಸೀಸೆ ಬಂತು. ಸಿರಿಂಜಿಗೆ ಮದ್ದು ಏರಿತು. ಬೇಡ, ಬೇಡ ಎಂದು ಜೂರಾಕಾನ್ ಒಳಗೊಳಗೇ ಅರಚಿದಳು. ತುಟಿ ಅಲುಗಲಿಲ್ಲ. ಒಲೆಯ ಆಚೆಯವನು ಸ್ವಲ್ಪ ಮುಂದೆ ಬಾಗಿ ಕುಳಿತ.

ಸೊಂಟಕ್ಕೆ ಚುಚ್ಚಲೆಂದು ಮುದುಕ ಅವಳನ್ನು ಮಗ್ಗುಲಾಗಿಸಿದ. ಅಂಗಿಯ ಬೆನ್ನಿನ ಉಬ್ಬು ಕಸೂತಿ ಅವನ ಬೆರಳಿಗೆ ತಗುಲಿತು.

"ಇದೇನಿದು, ಬೆನ್ನ ಮೇಲೆ ಇರುವೆ ಗೂಡು?" ಅಭ್ಯಾಸಬಲದಿಂದ ಫೋನು ತೆಗೆದು, ದೀಪ ಹಚ್ಚಿ ಹಿಡಿದ.

ಬಳೆ ತಿರುಗುವುದನ್ನು ಜೂರಾಕಾನ್ ಕಾದಳು. ತಿರುಗಲಿಲ್ಲ.

"ನಾನು ಜೂರಾಕಾನ್," ಎಂದಿತು ಗುಡಾರದೊಳಗೆ ಒಂದು ಹೆಣ್ಣು ದನಿ. ಅದು ಅವಳ ದನಿಯಲ್ಲ. ಅದಕ್ಕೆ ಉಸಿರೇ ಇರಲಿಲ್ಲ. "ಪೆನಿಸಿಲಿನ್ ಚುಚ್ಚಬೇಡಿ. ಚುಚ್ಚಿದರೆ ಸಾಯುತ್ತೇನೆ."

ಮುದುಕ ಅವಳ ಮುಖದ ಹತ್ತಿರ ಬಾಗಿ, ತುಟಿಗಳನ್ನು ಬೆರಳಿನಿಂದ ತಡವಿ ನೋಡಿದ. ಮುಚ್ಚಿದ್ದವು. ಸಿರಿಂಜನ್ನು ಹಾವನ್ನು ಎಸೆದಂತೆ ದೂರ ಎಸೆದ.

ಒಲೆಯ ಆಚೆಯವನು ಎದ್ದು, ಬಾಗಿಲ ಪರದೆ ಎತ್ತಿ, ಮಂಜಿಗೆ ಹೊರಟುಹೋದ. ಹೊರಗೆ ಮಲಗಿದ್ದ ನಾಯಿ ಎದ್ದು ದಾರಿ ಬಿಟ್ಟಿತು. ಅದು ಗಾಳಿ ಎಂದು ಸಾದಿರ್‌ಬಾಯ್ ಈಗಲೂ ಹೇಳುತ್ತಾನೆ. ಗಾಳಿಗೆ ನಾಯಿ ದಾರಿ ಬಿಡುವುದನ್ನು ತಾನು ಕಂಡಿಲ್ಲ ಎನ್ನುತ್ತಾಳೆ ಜೂರಾಕಾನ್.

ಅವನು ಅವಳನ್ನು ಕುದುರೆಗೆ ಬಿಗಿದು, ನಾಲ್ಕು ಗಂಟೆ ಇಳಿಸಿ, ಅಸಿಲ್‌ಕಾನಳ ಬಾಗಿಲಿಗೆ ತಂದ. ಬೇರೆ ಔಷಧ ಕೊಟ್ಟರು. ಕಾಲು ಉಳಿಯಿತು, ಜೀವವೂ ಉಳಿಯಿತು. ಮಾತು ಮರಳಿದಾಗ ಅವಳು ಮೊದಲು ಹೇಳಿದ್ದು: "ಸೊಸೆಗೂ ಒಂದು ಹೊಲೀಬೇಕು. ಮೂಲೆ ನಾನು ಮುಚ್ಚಲ್ಲ."

ಇಷ್ಟು ಹೇಳಿ ಕಾಲ್ಬೂಬು ಉಣ್ಣೆಯ ಕೋಲನ್ನು ಕೆಳಗಿಟ್ಟಳು.

"ನನ್ನ ಗಂಡನ ಕೊರಳಲ್ಲಿ ಬಾಗಿಲಿತ್ತು, ಮಾತಿರಲಿಲ್ಲ. ನಿಮ್ಮ ಮನೇಲಿ ಯಾರಿಗಾದ್ರೂ ಯಾವ ಮದ್ದಾದ್ರೂ ಆಗದಿದ್ರೆ, ಸಕ್ಕರೆ ಕಾಯಿಲೆ, ಮೂರ್ಛೆ ಇದ್ರೆ, ಆ ಮಾತನ್ನೇ ಕೋಡಿನೊಳಗೆ ಇಡಿಸಿ, ವಿಳಾಸ ಇಡಿಸಬೇಡಿ. ಚಿಕ್ಕದಾಗಿ ಹೇಳಿ. ಕೆಳಗೆ ಅಕ್ಷರದಲ್ಲೂ ಬರೀರಿ. ಗುಟ್ಟು ಹಾಕ್ಬೇಡಿ. ಕಾಯಿಲೆ ಬದಲಾದ್ರೆ ಹಳೇದನ್ನ ಬಿಚ್ಚಿ ಹೊಸದು ಮಾಡಿ, ಅದು ತಾನಾಗಿ ಬದಲಾಗಲ್ಲ. ಮತ್ತೆ ಇವತ್ತೇ, ಮನೆಗೆ ಹೋದ ಕೂಡಲೇ, ಫೋನಿನ ಸಿಗ್ನಲ್ ಕಡಿದು ಹಿಡಿದು ನೋಡಿ. ಬಳೆ ತಿರುಗಿದರೆ..."

ಅವಳು ಕೋಲನ್ನು ಎತ್ತಿ ಗೋಡೆಗೆ ಒರಗಿಸಿದಳು.

ಹೆಂಗಸರು ಮಡಿಲಿನ ಉಣ್ಣೆ ಕೊಡವಿ ಎದ್ದರು. ಹೊರಗೆ ಮಂಜು ಇಳಿಯುತ್ತಿತ್ತು. ಮನೆಯ ದಾರಿ ಹಿಡಿದ ಹನ್ನೊಂದು ಮಂದಿಯಲ್ಲಿ ಏಳು ಮಂದಿ ಓಣಿಯ ನಡುವೆಯೇ ನಿಂತು, ತಮ್ಮ ಕೊರಳಿನ ಕಾರ್ಡು ಹೊರತೆಗೆದು, ಫೋನಿನಲ್ಲಿ ವಿಮಾನದ ಗುರುತು ಒತ್ತಿದರು.