ದಾವಲಸಾಬ ಏಳುತ್ತಿಲ್ಲ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ೧೪೫೩ರಿಂದ ಮಾಡಿದರೆ ಗಂಭೀರವಾಗಿರುತ್ತದೆ. ಕಾನ್‌ಸ್ಟಾಂಟಿನೋಪಲ್ ಬಿತ್ತು, ಯುರೋಪಿನವರು ಕಾಳುಮೆಣಸಿಗೆ ಹೊಸ ದಾರಿ ಹುಡುಕತೊಡಗಿದರು, ಹಡಗುಗಳು ಹೊರಟವು ಎಂದು ಒಂದು ಪುಟ ಬರೆದೆ. ಓದಿ ನೋಡಿದರೆ ಹತ್ತನೇ ಇಯತ್ತೆಯ ಗೈಡಿನ ಹಾಗಿತ್ತು. ಹರಿದು ಹಾಕಿದೆ.

೧೭೮೯ರಿಂದಲೂ ಒಂದು ಕೈ ನೋಡಿದೆ. ಪ್ಯಾರಿಸ್ಸಿನ ಬೀದಿಯಲ್ಲಿ ಬ್ರೆಡ್ಡಿಗಾಗಿ ಕೂಗುವ ಹೆಂಗಸರು. ಆದರೆ ನಾನು ಪ್ಯಾರಿಸ್ ನೋಡಿದವನಲ್ಲ; ಹಳಿಯಾಳದ ಆಚೆಗೆ ನನ್ನ ಆಟ ನಡೆಯುವುದಿಲ್ಲ. (ಆ ಹೆಂಗಸರು ಎರಡನೇ ಪ್ಯಾರಾದಲ್ಲೇ ಹಳಿಯಾಳದ ಸಂತೆಯವರ ಹಾಗೆ ಚೌಕಾಶಿಗೆ ಇಳಿದಿದ್ದರು.)

೨

ಹಾಗಾಗಿ ೧೯೭೯, ಡಿಸೆಂಬರ್, ದಾಂಡೇಲಿ. ಒಂದು ಹೈಸ್ಕೂಲು, ಹೆಸರು ಬೇಡ. ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ, ಹತ್ತಿರ ಬಂದಿದೆ. ಇತಿಹಾಸದ ಮಾಸ್ತರರು 'ಜಗತ್ತನ್ನೇ ತಿರುಗಿಸಿದ ಘಟನೆಗಳು' ಎಂದು ಟ್ಯಾಬ್ಲೊ ಮಾಡಿಸುತ್ತಿದ್ದಾರೆ. ಅಚ್ಚಿನ ಯಂತ್ರ, ಸಮುದ್ರಯಾನ, ಇಂಗ್ಲೆಂಡಿನ ರಾಣಿ, ಫ್ರಾನ್ಸಿನ ಕ್ರಾಂತಿ, ಗುಲಾಮಗಿರಿಯ ಅಂತ್ಯ, ಕೊನೆಗೆ ಚಂದ್ರನ ಮೇಲೆ ಮನುಷ್ಯ.

ಮಾಸ್ತರರು ಕೆಟ್ಟವರಲ್ಲ. ಪಾತ್ರ ಹಂಚುವಾಗ ಒಂಬತ್ತನೇ ಇಯತ್ತೆಯ ರಜಿಯಾಳನ್ನು ನೋಡಿದರು. ಸಿದ್ದಿ ಹುಡುಗಿ, ಹಿಂದೊಮ್ಮೆ ಆಫ್ರಿಕಾದಿಂದ ಬಂದವರ ಪೈಕಿ, ಗುಂಗುರು ಕೂದಲು. ಮತ್ತೇನನ್ನೂ ಯೋಚಿಸಲಿಲ್ಲ, ಅಷ್ಟೇ.

"ರಜಿಯಾ, ನೀ ಗುಲಾಮಳ ಪಾರ್ಟು. ಗೋಣಿಚೀಲ ಉಟ್ಕೊಂಡ ಬಾ."

ಮನೆಯಲ್ಲಿ ಅಪ್ಪ ದಾವಲಸಾಬ ಕೇಳಿದ, "ಏನ್ ಪಾರ್ಟ್ ಕೊಟ್ಟಾರ ನಿನಗ?"

"ರಾಣಿ," ಎಂದಳು ರಜಿಯಾ. ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ. (ಮನೆಯಲ್ಲಿ ಅವರು ಆಡುವುದು ಕೊಂಕಣಿ. ನನಗೆ ಬಾರದು. ಹುಡುಗಿಯ ಕೈಲಿ ಕನ್ನಡದಲ್ಲೇ ಸುಳ್ಳು ಹೇಳಿಸಿದ್ದೇನೆ, ಹೊಟ್ಟೆಗೆ ಹಾಕಿಕೊಳ್ಳಿ.)

ದಾವಲಸಾಬ ನಾಟಾ ಡಿಪೋದಲ್ಲಿ ದಿಮ್ಮಿ ಹೇರುವ ಹಮಾಲ. ಮರುದಿನ ಡಿಪೋಗೆಲ್ಲ ಡಂಗುರ. ಲಾರಿ ಡ್ರೈವರ್ ಮಜೀದನಿಗೆ, ಚಹಾದಂಗಡಿಯ ನೀಲಕ್ಕನಿಗೆ, ಎದುರಿಗೆ ಸಿಕ್ಕವರಿಗೆಲ್ಲ ಒಂದೇ ಮಾತು. "ನನ್ನ ಮಗಳು ರಾಣಿ ಆಗ್ಯಾಳ. ನೋಡಾಕ ಬರಾಕ ಬೇಕು."

೩

ಮಾಸ್ತರರಿಗೆ ಗುಲಾಮಳ ಕೊರಳಿಗೆ ನಿಜವಾದ ಸರಪಳಿಯೇ ಬೇಕಾಯಿತು. ಊರಿನಲ್ಲಿ ಅಂಥದ್ದು ಇರುವುದು ಡಿಪೋದಲ್ಲಿ, ದಿಮ್ಮಿ ಬಿಗಿಯಲು. ಅಲ್ಲಿಂದ ಹೊತ್ತು ತರುವವರು ಯಾರು? ಓದುಗರೇ, ನಿಮಗೆ ಗೊತ್ತಾಗಿಹೋಯಿತು. ಯಾರ ಕೊರಳಿಗೆ ಎಂದು ಅವನಿಗೆ ಯಾರೂ ಹೇಳಿಲ್ಲ.

"ಹಿಂಗ್ಯಾಕ ಬರದ್ರಿ?" ಎಂದು ರಜಿಯಾ ನನ್ನನ್ನೇ ಕೇಳಿದಳು.

"ಕಥೆಗೆ ಬಿಗಿ ಬರಬೇಕಲ್ಲ, ತಂಗಿ."

"ಮಾಸ್ತರೂ ಹಂಗ ಅಂದ್ರು. ಸೀನಿಗೆ ಬಿಗಿ ಬರಬೇಕಂತ."

ನನಗೆ ನಾಚಿಕೆಯಾಯಿತು.

೫

(ನಾಲ್ಕನ್ನು ಹರಿದೆ. ಅದರಲ್ಲಿ ಪೋರ್ಚುಗೀಸರ ಹಡಗು, ಗೋವೆಯ ಬಂದರು, ರಜಿಯಾಳ ಮುತ್ತಜ್ಜನ ಮುತ್ತಜ್ಜ ಕಾಡಿಗೆ ಓಡಿ ಬಂದದ್ದು ಎಲ್ಲ ಇತ್ತು. ಓದುಗರು ಕಣ್ಣೀರು ಹಾಕುವ ಹಾಗೆ ಬರೆದಿದ್ದೆ. ಆದರೆ ಅಲ್ಲೂ ನಾನು ಅವರಿಗೆ ಕೊಟ್ಟದ್ದು ಅದೇ ಗುಲಾಮರ ಪಾರ್ಟು.)

ಇನ್ನು ಅಂತ್ಯ. ಎರಡು ಬರೆದು ನೋಡಿದೆ. ಮೊದಲನೆಯದರಲ್ಲಿ ರಜಿಯಾ ಸ್ಟೇಜಿನ ಮೇಲೆ ಸರಪಳಿ ಕಿತ್ತೆಸೆದು ಭಾಷಣ ಮಾಡುತ್ತಾಳೆ. ಭರ್ಜರಿ ಚಪ್ಪಾಳೆ.

"ಭಾಷಣಾ ನಿಮ್ದು, ಚಪ್ಪಾಳಿನೂ ನಿಮಗ," ಎಂದಳು. "ಗೋಣಿಚೀಲ ಅಷ್ಟ ನಂದು."

ಎರಡನೆಯದರಲ್ಲಿ ಅವಳಿಗೆ ಜ್ವರ ಬರಿಸಿ ಮನೆಯಲ್ಲೇ ಮಲಗಿಸಿದೆ.

"ಡಿಪೋ ಮಂದಿ ಎಲ್ಲಾ ಬಂದ ಕುಂತಿರ್ತಾರ. ನಮ್ಮ ಬಾಬಾ ಆ ಮಂದಿಗೆ ಏನ್ ಹೇಳಬೇಕು?"

"ಹಾಗಾದರೆ ನಿನಗೆ ಬೇಕಾದದ್ದಾದರೂ ಏನು?"

"ಗೋಣಿಚೀಲದಾಗ ಬಾಬಾ ನನ್ನ ನೋಡಬಾರದು. ಅಷ್ಟ."

ಅಷ್ಟೇ. ಐನೂರು ವರ್ಷದ ಇತಿಹಾಸ ಎದುರಿಗೆ ಹರವಿಕೊಂಡು ಕುಳಿತವನಿಗೆ ಅದೊಂದನ್ನು ಮಾಡಿಕೊಡಲು ಆಗಲಿಲ್ಲ.

೬

ನಾನು ತಡೆಯುವಷ್ಟರಲ್ಲಿ ದಾವಲಸಾಬ ಹೆಗಲ ಮೇಲೆ ಸರಪಳಿ ಹೊತ್ತು ಸ್ಟೇಜಿನ ಹಿಂದೆ ಬಂದೇಬಿಟ್ಟ. ಹೊಸ ಅಂಗಿ ಹಾಕಿದ್ದ. ದಸರೆಯ ಖಂಡೆಪೂಜೆಯಲ್ಲಿ ಹಚ್ಚಿದ ಕುಂಕುಮ ಸರಪಳಿಯ ಸಂದಿಗಳಲ್ಲಿ ಇನ್ನೂ ಉಳಿದಿತ್ತು.

ಬೇಗಡೆ ಕಿರೀಟ ಇಟ್ಟ ಇಂಗ್ಲೆಂಡಿನ ರಾಣಿ ತನ್ನ ಸೀನು ಮುಗಿಸಿ ಸೋಡಾ ಕುಡಿಯುತ್ತಿದ್ದಳು. ಅದು ಯಾರೋ ಸಾಹೇಬರ ಮಗಳು. ದಾವಲಸಾಬ ಅವಳನ್ನು ನೋಡಿದ. ಆಮೇಲೆ ಮೂಲೆಯಲ್ಲಿ ಗೋಣಿಚೀಲ ಉಟ್ಟು ನಿಂತ ಮಗಳನ್ನು ನೋಡಿದ. ತನ್ನ ಹೆಗಲನ್ನೂ ಒಮ್ಮೆ ನೋಡಿಕೊಂಡ.

"ರಾಣಿ ಅಂದಿದ್ದಿ ಅಲ್ಲ?"

"ಹೌದು, ಬಾಬಾ," ಎಂದಳು ರಜಿಯಾ. "ಇನ್ನಾ ವೇಷ ಹಾಕ್ಕೊಂಡಿಲ್ಲ."

(ಈ ಮಾತು ನಾನು ಬರೆದುಕೊಟ್ಟದ್ದಲ್ಲ.)

ದಾವಲಸಾಬ ಸರಪಳಿಯನ್ನು ಇಳಿಸಿದ. ನಿದ್ದೆ ಹೋದ ಕೂಸನ್ನು ಮಲಗಿಸುವ ಹಾಗೆ, ಸದ್ದಾಗದಂತೆ ಇಳಿಸಿದ. ಆಮೇಲೆ ಅದರ ಮೇಲೆಯೇ ಕುಳಿತುಬಿಟ್ಟ.

"ಹೌದಾ. ಹಾಕ್ಕೋ ಹಂಗಾರ. ಮಂದಿ ಕಾಯಾಕಹತ್ಯಾರ."

ಪರದೆಯ ಆಚೆ ಮಜೀದ ಸೀಟಿ ಹೊಡೆದ. ಮಾಸ್ತರರು ಓಡಿ ಬಂದರು. "ದಾವಲಸಾಬ, ಏಳಪಾ, ಸರಪಳಿ ಕೊಡು. ಕ್ರಾಂತಿ ಮುಗೀತು, ಈಗ ಗುಲಾಮಗಿರಿ ಐತಿ."

"ನನ್ನ ಮಗಳು ತಯಾರಾಗಾಕಹತ್ಯಾಳ್ರಿ, ಮಾಸ್ತರ. ಆಗೂತನಾ ತಡೀರಿ."

೭

ಈಗ ಪರಿಸ್ಥಿತಿ ಹೀಗಿದೆ. ಫ್ರಾನ್ಸಿನ ಕ್ರಾಂತಿಕಾರರು ರಟ್ಟಿನ ಕತ್ತಿ ಹಿಡಿದು ದಾರಿಗೆ ಅಡ್ಡ ನಿಂತಿದ್ದಾರೆ. ಚಂದ್ರನಿಗೆ ಹೊರಟವನು ತಲೆಯ ಮೇಲಿನ ಬುಟ್ಟಿ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದಾನೆ. ಜಗತ್ತು ಮುಂದಕ್ಕೆ ಹೋಗುವ ಹಾಗಿಲ್ಲ.

ನಾನೂ ಹೇಳಿ ನೋಡಿದೆ. "ಏಳು, ದಾವಲಸಾಬ. ಕಥೆ ಮುಗಿಯಬೇಕು."

ಅವನು ಕತ್ತೆತ್ತಿ ನೋಡಿದ. "ಗೋಣಿಚೀಲ ಬರದಾವ್ರು ನೀವ ಅಲ್ಲೇನ್ರಿ?"

"ಹೌದು."

"ಹಂಗಾರ ಒಂದು ಸೀರಿ ಬರೀರಿ."

ಬರೆಯಬಹುದಿತ್ತು, ಒಂದೇ ಸಾಲಿನ ಕೆಲಸ. ಆದರೆ ಈ ಹುಡುಗಿಗೆ ಏನು ಉಡಿಸಬೇಕೆಂದು ಈ ತನಕ ಎಲ್ಲರೂ ತಾವೇ ನಿರ್ಧರಿಸಿದ್ದಾರೆ, ನಾನೂ ಸೇರಿ. ಅದಕ್ಕೇ ಅವಳನ್ನೇ ಕೇಳಿದೆ, "ಯಾವ ಬಣ್ಣದ್ದು, ತಂಗಿ?"

ರಜಿಯಾ ಯೋಚಿಸುತ್ತಿದ್ದಾಳೆ. ಮಾಸ್ತರರು ಕೂಗುತ್ತಿದ್ದಾರೆ, ನೀವೂ ಗಡಿಯಾರ ನೋಡಿಕೊಳ್ಳುತ್ತಿದ್ದೀರಿ. ಅವಳಿಗೇನೂ ಅವಸರವಿಲ್ಲ. ಅಪ್ಪ ಕುಳಿತಿದ್ದಾನೆ.