ಗಡಿಯಾಚೆಯ ಒಂದು ಬೈಟ್

2019ರ ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 10 ಗಂಟೆ 7 ನಿಮಿಷಕ್ಕೆ ಒಂದೇ ಆಸ್ಪತ್ರೆಯಿಂದ ಮೂರನೆಯ ದೂರು ಬಂತು. ಮೊದಲೆರಡನ್ನು ಸಾಫ್ಟ್‌ವೇರ್ ಎಂಜಿನಿಯರ್ ಆದ ಅವಳೇ ‘ಕೇಬಲ್ ಪರೀಕ್ಷಿಸಿ’ ಎಂದು ಬರೆದು ಮುಚ್ಚಿದ್ದಳು. ಆಸ್ಪತ್ರೆಯ ಹಾಸಿಗೆಗಳ ಪಕ್ಕ ನಾಡಿ, ಉಸಿರು ತೋರಿಸುವ ಮಾನಿಟರುಗಳಿರುತ್ತವಲ್ಲ, ಅವುಗಳೊಳಗಿನ ಆಪರೇಟಿಂಗ್ ಸಿಸ್ಟಂನಲ್ಲಿ ನೆಟ್‌ವರ್ಕ್ ಭಾಗ ಅವಳ ಸುಪರ್ದಿ. ಹತ್ತು ದೂರಿನಲ್ಲಿ ಒಂಬತ್ತಕ್ಕೆ ಕೇಬಲ್ಲೇ ಕಾರಣ ಎಂಬುದು ಅವಳ ಹದಿಮೂರು ವರ್ಷದ ಅನುಭವ.

ಈ ಸಲ ದೂರಿನ ಜೊತೆ ಒಂದು ನೋಟುಪುಸ್ತಕದ ನಲವತ್ತು ಪುಟಗಳ ಚಿತ್ರವಿತ್ತು. ಯಾವ ಹಾಸಿಗೆ, ಎಷ್ಟು ಗಂಟೆಗೆ ಮಾನಿಟರ್ ತಾನಾಗಿ ನಿಂತುಹೋಗಿ ಮತ್ತೆ ಶುರುವಾಯಿತು, ಆಗ ಹತ್ತಿರ ಯಾರಿದ್ದರು, ಎಲ್ಲವೂ ಗುಂಡಗಿನ ಅಕ್ಷರಗಳಲ್ಲಿ. ಕಳಿಸಿದವನು ಆ ಆಸ್ಪತ್ರೆಯ ಉಪಕರಣ ರಿಪೇರಿಯವನು. ಕೊನೆಯ ಸಾಲು ಹೀಗಿತ್ತು: ‘ಗುರುವಾರ ಹನ್ನೊಂದಕ್ಕೆ ನನ್ನ ಮೇಲೆ ವಿಚಾರಣೆ. ಯಂತ್ರಗಳನ್ನು ನಾನೇ ಹಾಳುಗೆಡವಿದ್ದೇನಂತೆ. ಕೆಲಸ ಉಳಿಯುವುದು ಅನುಮಾನ.’

ಅವಳು ಫೋನ್ ಮಾಡಿದಳು.

“ಕೇಬಲ್ ಬದಲಾಯಿಸಿದ್ರಾ?”

“ಮೇಡಂ, ಬದಲಾಯಿಸಿ ಬದಲಾಯಿಸಿ ನನ್ನ ಕೈಯೇ ಕೇಬಲ್ ಆಗಿಬಿಟ್ಟಿದೆ. ಎಲ್ಲ ಮಾನಿಟರಿನ ಕೇಬಲ್ ಸೇರೋ ಹೊಸ ನೆಟ್‌ವರ್ಕ್ ಸ್ವಿಚ್ ಹಾಕಿದ ದಿನದಿಂದ ಈ ಕಾಟ. ಅದರಿಂದ ಬರೋ ಪ್ಯಾಕೆಟ್‌ಗಳನ್ನೂ ಹಿಡಿದು ಕಳಿಸಿದ್ದೀನಿ, ಒಂದ್ಸಲ ನೋಡಿ.”

ನೋಡಿದಳು. ಪ್ಯಾಕೆಟ್ ಎಂದರೆ ನೆಟ್‌ವರ್ಕಿನಲ್ಲಿ ಸಾಗುವ ಮಾಹಿತಿಯ ಪೊಟ್ಟಣ; ಅದರ ಒಳಗಿನ ಪ್ರತಿ ತುಣುಕಿಗೂ ಒಂದು ಕ್ರಮವಿದೆ: ಮೊದಲ ಬೈಟ್ ತುಣುಕಿನ ಬಗೆ ಹೇಳುತ್ತದೆ, ಎರಡನೆಯದು ಅದರ ಉದ್ದ, ಆಮೇಲೆ ಸರಕು. ಹೊಸ ಸ್ವಿಚ್ಚಿನಿಂದ ಬಂದ ಕೆಲವು ಪ್ಯಾಕೆಟ್ಟುಗಳ ತುದಿ ತುಂಡಾಗಿ, ಹೇಳಿದಷ್ಟು ಸರಕು ಇರಲಿಲ್ಲ. ಮಾನಿಟರಿನ ಕೋಡು ಮಾತ್ರ ಆ ಉದ್ದವನ್ನು ಕಣ್ಣುಮುಚ್ಚಿ ನಂಬುತ್ತಿತ್ತು. ನಿಜಕ್ಕೂ ಅಷ್ಟು ಬಂದಿದೆಯೇ ಎಂದು ಕೇಳದೆ, ಪ್ಯಾಕೆಟ್ ಮುಗಿದ ಮೇಲೂ ಮುಂದಿನ ಮೆಮೊರಿಯನ್ನು ಓದುತ್ತಾ ಹೋಗುತ್ತಿತ್ತು. ಪಕ್ಕದ ಮನೆ ಗೋಡೆಯ ಚೀಟಿ ಓದಿ ತನ್ನ ಮನೆಯಲ್ಲಿ ಅಡುಗೆ ಮಾಡಿದ ಹಾಗೆ. ಚೀಟಿಯಲ್ಲಿ ಏನಿರುತ್ತದೋ ಅದರ ಮೇಲೆ ಯಂತ್ರದ ಹಣೆಬರಹ. ಹಾಗಾಗಿಯೇ ಒಮ್ಮೆ ಮೂರೇ ಗಂಟೆಯೊಳಗೆ, ಒಮ್ಮೆ ಒಂಬತ್ತು ದಿನ ಕಳೆದ ಮೇಲೆ ನಿಂತುಹೋಗುತ್ತಿತ್ತು.

ಉಳಿದ ಬೈಟುಗಳಿಗಿಂತ ಉದ್ದ ಹೆಚ್ಚಿದ್ದರೆ ಪ್ಯಾಕೆಟ್ಟನ್ನು ಎಸೆಯುವ ಒಂದು ಸಾಲು ಸೇರಿಸಿದಳು. ಮೆಮೊರಿಯ ಗಡಿ ದಾಟಿದೊಡನೆ ಕೂಗಿ ಲೆಕ್ಕ ಇಡುವ ಕಾವಲು ಕೋಡನ್ನೂ ಜೊತೆಗಿಟ್ಟು, ರೋಗಿಗೆ ಜೋಡಿಸದ ಒಂದು ಮಾನಿಟರಿನಲ್ಲಿ ಹಾಕಿ ನೋಡಲು ಸಂಜೆ ಅವನಿಗೆ ಕಳಿಸಿದಳು.

ಬುಧವಾರ ಬೆಳಿಗ್ಗೆ ಅವನೇ ಫೋನ್ ಮಾಡಿದ. “ಮೇಡಂ, ಕಾವಲು ಇನ್ನೂ ಕೂಗ್ತಾ ಇದೆ. ಗಡಿ ಆಚೆ ಒಂದೇ ಒಂದು ಬೈಟ್ ಓದಿದೆಯಂತೆ.”

“ಸಾಧ್ಯವೇ ಇಲ್ಲ. ಉದ್ದ ಪರೀಕ್ಷೆ ಮಾಡ್ತಿದ್ದೀನಲ್ಲ.”

“ನಂಗೆ ಕೋಡು ಗೊತ್ತಿಲ್ಲ, ತಪ್ಪಾದ್ರೆ ಬೈಬೇಡಿ. ಉದ್ದ ಹೇಳೋ ಬೈಟೇ ಬಂದಿಲ್ಲ ಅಂದ್ರೆ? ಈ ಸ್ವಿಚ್ ಕಳಿಸೋದರಲ್ಲಿ ಕೆಲವು, ಬಗೆ ಹೇಳಿ ಅಲ್ಲಿಗೇ ಮುಗಿದಿವೆ.”

ಅವಳು ತನ್ನ ಸಾಲನ್ನು ಮತ್ತೆ ತೆರೆದು ಓದಿದಳು. ಉದ್ದ ಸರಿಯೇ ಎಂದು ತಿಳಿಯಲು ಅವಳ ಸಾಲು ಮೊದಲು ಆ ಉದ್ದವನ್ನೇ ಓದುತ್ತಿತ್ತು, ಅದು ಇದೆಯೋ ಇಲ್ಲವೋ ನೋಡದೆ.

“ಹೊರಗೆ ಕಳ್ಳ ಇದ್ದಾನಾ ಅಂತ ಬಾಗಿಲು ತೆರೆದು ನೋಡಿದ ಹಾಗಾಯ್ತು,” ಎಂದಳು.

“ಕಳ್ಳ ಒಳಗೆ ಬಂದು ಕಾಫಿನೂ ಕುಡಿದಾಯ್ತು ಮೇಡಂ.”

ಕನಿಷ್ಠ ಎರಡು ಬೈಟ್ ಉಳಿದಿವೆಯೇ ಎಂಬ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಇಟ್ಟಳು. ತಿದ್ದುಪಡಿಯ ಕೆಳಗೆ, ದೋಷ ಯಾವ ಹಳೆಯ ಬದಲಾವಣೆಯಿಂದ ಬಂತೆಂದು ಬರೆಯುವುದು ಅವರ ಪದ್ಧತಿ. ಹುಡುಕಿದಳು. ಆರು ವರ್ಷದ ಹಿಂದಿನದು. ‘ಪರಿಶೀಲಿಸಿದವರು’ ಎಂಬಲ್ಲಿ ಅವಳದೇ ಹೆಸರು.

ಕೋಡಿನ ಕೂದಲು ಸೀಳುವುದರಿಂದ ‘ಭೂತಗನ್ನಡಿ’ ಎನಿಸಿಕೊಂಡಿದ್ದ ಪಕ್ಕದ ಮೇಜಿನವನು ತಿದ್ದುಪಡಿಯನ್ನು ಎರಡು ಸಲ ಓದಿ ಒಪ್ಪಿದ. ಆದರೆ ಆಸ್ಪತ್ರೆಗೆ ಅವಳು ಬರೆದ ಪತ್ರ ನೋಡಿ ಹುಬ್ಬೇರಿಸಿದ. “ಅಕ್ಕಾ, ‘ಮೊದಲೆರಡು ದೂರನ್ನು ನಾನು ನೋಡದೆಯೇ ಮುಚ್ಚಿದೆ’ ಅಂತ ಯಾಕೆ? ಸಾಫ್ಟ್‌ವೇರ್ ದೋಷ ಅಂದ್ರೆ ಸಾಕಲ್ವಾ?”

“ಸಾಕಾಗಲ್ಲ ಕಣೋ. ಮೂರು ತಿಂಗಳು ಅವನು ನಿಜ ಹೇಳಿದ್ದಾನೆ, ಯಾರೂ ಕೇಳಿಲ್ಲ. ಕೇಳದವರಲ್ಲಿ ಮೊದಲನೆಯವಳು ನಾನು.”

ತಿದ್ದುಪಡಿಯಲ್ಲಿ ‘ವರದಿ ಮಾಡಿದವರು’ ಎಂಬಲ್ಲಿ ರಿಪೇರಿಯವನ ಹೆಸರು ಹಾಕಿರುವುದಾಗಿ ಫೋನಿನಲ್ಲಿ ತಿಳಿಸಿದಾಗ ಅವನು ಗಾಬರಿಯಾದ. “ನಾನು ಒಂದಕ್ಷರ ಕೋಡು ಬರೆದಿಲ್ಲ!”

“ಮೂರನೇ ಸಲ ದೂರು ಬರೆದ್ರಲ್ಲ, ಅದು ಸಾಕು. ನಾನಾಗಿದ್ರೆ ಎರಡನೇ ಸಲಕ್ಕೇ ಶಾಪ ಹಾಕಿ ಸುಮ್ಮನಾಗ್ತಿದ್ದೆ. ನಿಮ್ಮಿಂದ ಎಷ್ಟು ಹಾಸಿಗೆಗಳ ಪಕ್ಕ ಈ ತಪ್ಪು ನಿಲ್ಲುತ್ತೆ ಗೊತ್ತಾ? ನಂಗೆ ಥ್ಯಾಂಕ್ಸ್ ಹೇಳೋಕೂ ನಾಲಿಗೆ ಏಳ್ತಿಲ್ಲ.”

ಆ ಮಧ್ಯಾಹ್ನ ಒಂದು ಗಂಟೆಗೆ ಅವನು ಉಗ್ರಾಣದ ಹನ್ನೆರಡು ಮಾನಿಟರುಗಳನ್ನು ಅದೇ ಸ್ವಿಚ್ಚಿಗೆ ಜೋಡಿಸಿ ಹೊಸ ಕೋಡು ಹಾಕಿದ.

ಗುರುವಾರ ಹನ್ನೊಂದೂ ಮುಕ್ಕಾಲಿಗೆ ಕರೆ ಬಂದಾಗ ಅವಳು ಎದ್ದು ನಿಂತೇ ಫೋನ್ ಎತ್ತಿದಳು.

“ಒಳಗೆ ಕರೆಯೋಕೆ ಅರ್ಧ ಗಂಟೆ ತಡ ಮಾಡಿದ್ರು, ಆದ್ರೆ ಹತ್ತು ನಿಮಿಷದಲ್ಲಿ ಮುಗೀತು ಮೇಡಂ! ನಿಮ್ಮ ಪತ್ರ ಓದಿದ್ರು, ಬೈಟ್ ಅಂದ್ರೇನು ಅಂತ ನನ್ನನ್ನೇ ಕೇಳಿದ್ರು, ಹೋಗಿ ಕೆಲಸ ನೋಡು ಅಂದ್ರು. ನಿಮ್ಮ ಉಪಕಾರ ಮರೆಯಲ್ಲ.”

“ಉಪಕಾರ ಯಾರದು ಅಂತ ನಾನು ಬರೆದಾಗಿದೆ,” ಎಂದಳು, ಕಣ್ಣೊರೆಸಿಕೊಳ್ಳುತ್ತಾ. “ಈಗ ಉಗ್ರಾಣಕ್ಕೆ ಹೋಗಿ ಕಾವಲಿನ ಲೆಕ್ಕ ಓದಿ.”

ಅವನು ಓದಿದ, ಅವಳು ಬರೆದುಕೊಂಡಳು: ಇಪ್ಪತ್ತೆರಡು ಗಂಟೆ ಐವತ್ತು ನಿಮಿಷ, ಹನ್ನೆರಡು ಮಾನಿಟರ್, ತುದಿ ತುಂಡಾಗಿ ಬಂದ ಪ್ಯಾಕೆಟ್ 2,736, ಗಡಿ ಮೀರಿದ ಓದು ಸೊನ್ನೆ.