ಉತ್ತರ ಗೊತ್ತಿದ್ದರೆ ಕೇಳಬಾರದು

ಬೆಳಿಗ್ಗೆ ಹತ್ತಾಯಿತೆಂದರೆ ಅಜ್ಜಿಯ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಸರಿಯಾಗಿ ಆ ಹೊತ್ತಿಗೆ ಗಂಟೆ ಹೊಡೆಸಿ, ಹಾಜರಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಕ್ಲಾಸಿಗೆ ನಡೆದವಳು. ನಿವೃತ್ತಿಯಾಗಿ ಐದು ವರ್ಷ ಕಳೆದರೂ ಆ ಗಂಟೆ ಮೈಯೊಳಗೆ ಹೊಡೆಯುವುದನ್ನು ಬಿಟ್ಟಿರಲಿಲ್ಲ. ಆದರೆ ಮಗಳ ಮನೆಯಲ್ಲಿ ಹತ್ತು ಗಂಟೆಗೆ ಏನಾಗುತ್ತಿತ್ತು? ಹತ್ತು ವರ್ಷದ ದೊಡ್ಡ ಮೊಮ್ಮಗಳು ಕಿಟಕಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕಪ್ಪೆಗಳ ಪುಸ್ತಕ ಓದುತ್ತಿದ್ದಳು. ಆರು ವರ್ಷದ ಚಿಕ್ಕವಳು ಮೇಜಿನ ಕೆಳಗೆ ಮಲಗಿ ಗುಂಡಿಗಳನ್ನು ಹತ್ತತ್ತರಂತೆ ಗುಡ್ಡೆ ಹಾಕುತ್ತಿದ್ದಳು. ಮಗಳು ಅದೇ ಮೇಜಿನ ಮೇಲೆ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ, ರಟ್ಟಿಗೆ ಅಂಟು ಬಳಿಯುತ್ತಿದ್ದಳು. ಬೈಂಡಿಂಗ್ ಅವಳ ಕಸುಬು. ಇಷ್ಟಕ್ಕೇ ಮಕ್ಕಳ ಓದು ನಡೆಯುತ್ತಿದೆ ಅಂತ ಹೆಸರು.

ಹೆಡ್‌ಮಿಸ್ಟ್ರೆಸ್ ಆಗಿದ್ದವಳ ಮೊಮ್ಮಕ್ಕಳು ಶಾಲೆಯ ಮೆಟ್ಟಿಲೇ ಹತ್ತುವುದಿಲ್ಲ ಎಂದು ಹಳೆಯ ಸಹೋದ್ಯೋಗಿಗಳಿಗೆ ಹೇಳುವಾಗೆಲ್ಲ ಅಜ್ಜಿಗೆ ಮೂಗು ಕೊಯ್ದಂತಾಗುತ್ತಿತ್ತು. ಯಾಕೆ ಕಳಿಸುವುದಿಲ್ಲ ಎಂದು ಮಗಳನ್ನು ಎಷ್ಟೋ ಸಲ ಕೇಳಿದ್ದಳು. ಮಗಳು ಪ್ರತಿ ಸಲವೂ, ನಮಗೆ ಹೀಗೇ ಸರಿಹೋಗುತ್ತೆ ಎಂದು ಹೇಳಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಬಸ್ ಓಡಿಸುವ ಅಳಿಯನಂತೂ ಅತ್ತೆಯನ್ನು ಹೆಡ್ ಮೇಡಂ ಎಂದೇ ಕರೆದು, ನಕ್ಕು, ಟೋಪಿ ಹಾಕಿಕೊಂಡು ಡ್ಯೂಟಿಗೆ ಹೋಗಿಬಿಡುತ್ತಿದ್ದ.

ಎಲೆ ಉದುರುವ ಕಾಲ ಬಂತೆಂದರೆ ಆ ಮನೆಯಲ್ಲಿ ವಾರಕ್ಕೆರಡು ದಿನ ಕಾಲುವೆ ದಂಡೆಯ ಮೇಲೆ ನಡಿಗೆ. ಎಲ್ಲರೂ ದಾರಿಯಲ್ಲಿ ಸಿಕ್ಕಿದ್ದೇನಾದರೂ ಒಂದನ್ನು ಜೇಬಿಗೆ ಹಾಕಿಕೊಂಡು ಬರಬೇಕು. ಮನೆಗೆ ಬಂದು ಅದನ್ನು ಮೇಜಿನ ಮೇಲಿಟ್ಟು ಒಂದೊಂದು ಪ್ರಶ್ನೆ ಕೇಳಬೇಕು. ಹಸಿರು ಬಟ್ಟೆಯ ರಟ್ಟು ಹಾಕಿದ ದಪ್ಪ ಪುಸ್ತಕದಲ್ಲಿ ದೊಡ್ಡವಳು ಅವನ್ನು ಬರೆದಿಡುತ್ತಾಳೆ. ನಿಯಮ ಒಂದೇ: ಉತ್ತರ ಗೊತ್ತಿದ್ದರೆ ಕೇಳಬಾರದು.

ಇಲ್ಲೇ ಅಜ್ಜಿ ಸಿಕ್ಕಿಬಿದ್ದದ್ದು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವಳು ಜನ್ಮದಲ್ಲಿ ಕೇಳಿದವಳೇ ಅಲ್ಲ. ಎಲೆ ಯಾಕೆ ಉದುರುತ್ತದೆ ಎಂದು ಕೇಳಿದಳು. ದೊಡ್ಡವಳು ತಲೆ ಅಲ್ಲಾಡಿಸಿ, ಅಜ್ಜಿ, ಅದು ನಿಂಗೆ ಗೊತ್ತು, ನಡೆಯಲ್ಲ ಎಂದಳು. ಜೇಡಕ್ಕೆ ಎಷ್ಟು ಕಾಲು ಎಂದಳು ಅಜ್ಜಿ. ಅದಕ್ಕೆ ಚಿಕ್ಕವಳೂ ಬಿದ್ದು ಬಿದ್ದು ನಕ್ಕಳು. ಹಸಿರು ಪುಸ್ತಕದಲ್ಲಿ ಅಜ್ಜಿಯ ಹೆಸರಿನ ಮುಂದೆ ಸಾಲಾಗಿ ಐದು ಅಡ್ಡಗೆರೆ ಬಿದ್ದವು. ಊರವರ ಮಕ್ಕಳ ಪುಸ್ತಕಕ್ಕೆಲ್ಲ ಕೆಂಪು ಗೆರೆ ಎಳೆದ ಕೈ ಅದು, ಈಗ ಮಡಿಲಲ್ಲಿ ಸುಮ್ಮನೆ ಕೂತು ಕಡಿಯುತ್ತಿತ್ತು.

ಆ ಕಡಿತ ತಡೆಯಲಾರದೆ ಹೋದ ವಾರ ಎಡವಟ್ಟು ಮಾಡಿಕೊಂಡಿದ್ದಳು. ಕಾಲುವೆ ಪಕ್ಕದ ಪಂಪ್‌ಹೌಸಿನ ಹಿಂದೆ ದೊಡ್ಡವಳನ್ನು ನಿಲ್ಲಿಸಿ ಏಳರ ಮಗ್ಗಿ ಹೇಳಿಸಿದ್ದಳು. ಏಳೆಂಟ್ಲಿಗೆ ಹುಡುಗಿ ತಡವರಿಸಿತು. ಅಜ್ಜಿ ಮತ್ತೆ ಕೇಳಿದಳು, ಮತ್ತೂ ಕೇಳಿದಳು, ದನಿ ತಾನಾಗಿ ಹಳೆಯ ದನಿಯಾಯಿತು. ಹುಡುಗಿ ಉಗುರು ಕಚ್ಚುತ್ತಾ ಮನೆಗೆ ಬಂದು, ಊಟ ಬೇಡವೆಂದು ಮಲಗಿತು. ಮಗಳು ಜಗಳವಾಡಲಿಲ್ಲ. ಹೊಲಿಗೆ ಮುಗಿಸಿ, ದಾರ ಹಲ್ಲಲ್ಲಿ ಕಡಿದು, ಇಷ್ಟೇ ಹೇಳಿದಳು:

"ಇನ್ನೊಂದು ಸಲ ಹೀಗಾದ್ರೆ ತಮ್ಮನಿಗೆ ಫೋನ್ ಮಾಡ್ತೀನಮ್ಮ. ನೀನು ಅಲ್ಲೇ ಇರೋದು ಒಳ್ಳೇದು."

ಮಗನ ಮನೆಯಲ್ಲಿ ಅಜ್ಜಿ ಮೂರು ತಿಂಗಳು ಇದ್ದು ಬಂದವಳು. ಅಲ್ಲಿ ಮಕ್ಕಳಿಲ್ಲ, ಮಾತಿಲ್ಲ, ಹಗಲೆಲ್ಲ ಟೀವಿ. ಕೊನೆಗೆ ಗೋಡೆ ಗಡಿಯಾರಕ್ಕೇ ಬುದ್ಧಿ ಹೇಳುವ ಸ್ಥಿತಿಗೆ ಬಂದಿದ್ದಳು. ಅಲ್ಲಿಗೆ ಮತ್ತೆ ಹೋಗುವುದನ್ನು ನೆನೆದರೆ ಅವಳ ಜೀವ ಬಾಯಿಗೆ ಬರುತ್ತಿತ್ತು.

ಹಾಗಾಗಿ ಈ ದಿನ ಬಾಯಿಗೆ ಬೀಗ ಹಾಕಿಕೊಂಡೇ ಹೊರಟಳು. ಆದರೆ ಕಾಲಿಗೆ ಬೀಗವೆಲ್ಲಿ? ಎಲ್ಲರಿಗಿಂತ ಮುಂದೆ ಸರಸರ ಹೋಗುವುದು, ನಿಲ್ಲುವುದು, ವಾಪಸು ಬರುವುದು. ಒಂದು ಜೇಡರಬಲೆಯ ಮುಂದೆ ಮಕ್ಕಳು ಕಾಲು ಗಂಟೆ ಕೂತರು. ಅಷ್ಟು ಹೊತ್ತಿನಲ್ಲಿ ಒಂದು ಇಡೀ ಪಾಠ ಮುಗಿಸಬಹುದಿತ್ತಲ್ಲ ಎಂದು ಅಜ್ಜಿ ಒಳಗೊಳಗೇ ಕುದಿದಳು. ನಾಲಿಗೆಯ ತುದಿಯಲ್ಲಿ ಹತ್ತು ಪ್ರಶ್ನೆಗಳು ಕುಣಿಯುತ್ತಿದ್ದವು. ಒಂದೊಂದನ್ನೂ ನುಂಗಿಕೊಂಡಳು.

ಮಗಳು ಚಿಕ್ಕವಳ ಕೈ ಹಿಡಿದು ಬಸವನಹುಳು ಹುಡುಕಲು ನೀರಿನ ಬಳಿಗೆ ಇಳಿದಾಗ, ಅಜ್ಜಿಯೂ ದೊಡ್ಡವಳೂ ಕಲ್ಲುಬೆಂಚಿನ ಮೇಲೆ ಉಳಿದರು. ಆಗ ಅಜ್ಜಿಗೆ ಒಂದು ಉಪಾಯ ಹೊಳೆಯಿತು. ಕೇಳಬಾರದು ಅಂತ ತಾನೇ ನಿಯಮ, ಹೇಳಬಾರದು ಅಂತ ಇಲ್ಲವಲ್ಲ. ಬೀಳ್ಕೊಡುಗೆ ಸಮಾರಂಭದಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಸಿಕ್ಕಿದವರಿಗೆಲ್ಲ ಹೇಳಿ ನುರಿತಿದ್ದ ತನ್ನ ಮೆಚ್ಚಿನ ಕತೆಯನ್ನೇ ತೆಗೆದಳು.

ಮಗಳು ನಾಲ್ಕನೇ ಕ್ಲಾಸಿನಲ್ಲಿ ಅವಳದೇ ವಿದ್ಯಾರ್ಥಿನಿ. ಶಾಲೆಯಲ್ಲಿ ಅಮ್ಮ ಅನ್ನುವ ಹಾಗಿರಲಿಲ್ಲ, ಟೀಚರ್ ಅನ್ನಬೇಕು. ಪಕ್ಷಪಾತ ಅಂತ ಯಾರೂ ಬೆರಳು ತೋರಿಸಬಾರದೆಂದು ಅವಳಿಗೆ ಪ್ರಶ್ನೆಯನ್ನೇ ಹಾಕುತ್ತಿರಲಿಲ್ಲ. ಒಂದು ಮಧ್ಯಾಹ್ನ ಇಡೀ ಕ್ಲಾಸು ಉತ್ತರ ಬಾರದೆ ಬೆಪ್ಪಾಗಿ ಕೂತಿದ್ದಾಗ ಹುಡುಗಿ ತಡೆಯಲಾರದೆ ಎದ್ದು ಹೇಳಿಬಿಟ್ಟಿತು. ಉತ್ತರ ಸರಿ. ಆದರೆ ಕೇಳದೆ ಮಾತಾಡಿದ್ದು ತಪ್ಪು. ಹೊರಗೆ ಹೋಗಿ ನಿಲ್ಲು, ನಾನು ಹೇಳುವ ತನಕ ಅಲುಗಾಡಬೇಡ ಎಂದು ಕಳಿಸಿದಳು. ಸ್ವಂತ ಮಗಳನ್ನೂ ಬಿಡದ ಟೀಚರ್ ಅಂತ ಶಾಲೆಗೆ ಶಾಲೆಯೇ ಮಾತಾಡಿಕೊಂಡಿತು.

ಕತೆ ಇಲ್ಲಿಗೆ ಬಂದಾಗ ಕೇಳಿದವರು ತಲೆದೂಗುವುದು ವಾಡಿಕೆ. ದೊಡ್ಡವಳು ತೂಗಲಿಲ್ಲ.

"ಆಮೇಲೆ?" ಎಂದಳು.

ಆಮೇಲೇನು, ಅಷ್ಟೇ ಎಂದಳು ಅಜ್ಜಿ.

"ಆಮೇಲೆ ಅಮ್ಮನ್ನ ಒಳಗೆ ಕರೆದ್ಯಾ?"

ಅಜ್ಜಿ ಬಾಯಿ ತೆರೆದಳು. ಆಮೇಲೆ ಗಂಟೆ ಹೊಡೆಯಿತು. ಆಮೇಲೆ ಪೇಟೆಯ ಇನ್ನೊಂದು ಶಾಲೆಯಲ್ಲಿ ಶಿಕ್ಷಕರ ಮೀಟಿಂಗ್. ಅದು ವೇಳಾಪಟ್ಟಿಯ ಜಗಳದಲ್ಲಿ ಎಳೆದೂ ಎಳೆದೂ, ದೀಪ ಹಾಕುವ ಹೊತ್ತಾಯಿತು. ಆಮೇಲೆ ಬಸ್ಸು ಹಿಡಿದು ಮನೆಗೆ. ದಿನವೂ ಬಸ್ಸಿನಲ್ಲಿ ಪಕ್ಕದಲ್ಲಿ ಮಗಳು ಇರುತ್ತಿದ್ದಳು, ಅಮ್ಮನ ಬ್ಯಾಗಿನ ಪಟ್ಟಿ ಹಿಡಿದುಕೊಂಡು. ಆ ದಿನ ಪಕ್ಕದಲ್ಲಿ ಯಾರಿದ್ದರು? ನೆನಪಿನಲ್ಲಿ ಎಷ್ಟು ತಡಕಿದರೂ ಬ್ಯಾಗಿನ ಪಟ್ಟಿಯ ಮೇಲೆ ಆ ಪುಟ್ಟ ಕೈ ಸಿಗಲಿಲ್ಲ.  ಅಜ್ಜಿ ಎದ್ದಳು, ಕೂತಳು, ಮತ್ತೆ ಎದ್ದಳು. ದೊಡ್ಡವಳಿಗೆ ಏನೂ ಹೇಳದೆ ಮನೆಯ ದಾರಿ ಹಿಡಿದಳು, ಹಿಂದೆ ಯಾರು ಬರುತ್ತಿದ್ದಾರೆಂದೂ ನೋಡಲಿಲ್ಲ.

ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಎಲ್ಲರೂ ಜೇಬು ಖಾಲಿ ಮಾಡಿದರು. ಚಿಕ್ಕವಳದು ಖಾಲಿ ಚಿಪ್ಪು: ಒಳಗಿದ್ದವನು ಬಟ್ಟೆ ಬಿಚ್ಚಿಟ್ಟು ಎಲ್ಲಿಗೆ ಹೋದ ಎಂದು ಕೇಳಿದಳು. ದೊಡ್ಡವಳದು ಅರ್ಧ ಗರಿ. ಅಜ್ಜಿಯ ಸರದಿ ಬಂದಾಗ ಅಡ್ಡಗೆರೆ ಎಳೆಯಲು ದೊಡ್ಡವಳು ಆಗಲೇ ಸ್ಕೇಲು ಇಟ್ಟಾಗಿತ್ತು.

"ತಾಳು," ಎಂದಳು ಅಜ್ಜಿ. ದಾರಿಯಲ್ಲಿ ಹೆಕ್ಕಿದ ಎಲೆಗಳನ್ನು ಬೈಂಡಿಂಗ್ ಒತ್ತುಯಂತ್ರದಲ್ಲಿ ಇಡುತ್ತಿದ್ದ ಮಗಳ ಕಡೆ ತಿರುಗಿದಳು. "ನಾಲ್ಕನೇ ಕ್ಲಾಸಲ್ಲಿ ನಿನ್ನ ಹೊರಗೆ ನಿಲ್ಲಿಸಿದ್ನಲ್ಲ, ಆ ದಿನ ನೀನು ಮನೆಗೆ ಹೇಗೆ ಬಂದೆ?"

ಮಗಳ ಕೈ ಹಿಡಿಕೆಯ ಮೇಲೇ ನಿಂತಿತು. 

"ವಾಚ್‌ಮನ್ ಬೀಗ ಹಾಕೋಕೆ ಬಂದು ನೋಡ್ದ. ಅವನೇ ಸೈಕಲ್ ಮೇಲೆ ಕೂರಿಸ್ಕೊಂಡು ಬಂದು ತಿರುವಿನ ಹತ್ರ ಇಳಿಸ್ದ. ನೀನಿನ್ನೂ ಬಂದಿರ್ಲಿಲ್ಲ."

"ಅಷ್ಟು ಹೊತ್ತು?"

"ನೀನು ಹೇಳೋವರೆಗೂ ಅಲುಗಾಡಬೇಡ ಅಂದಿದ್ದೆ." ಮಗಳು ಎಲೆಯೊಂದರ ಅಂಚನ್ನು ಬೆರಳಲ್ಲಿ ಸರಿಮಾಡಿದಳು. "ಎದುರಿಗೊಂದು ಮರ ಇತ್ತು. ಎಲೆ ಉದುರ್ತಿತ್ತು. ನೂರು ಬೀಳೋದ್ರೊಳಗೆ ಅಮ್ಮ ಬರ್ತಾಳೆ ಅಂತ ಎಣಿಸ್ತಿದ್ದೆ. ನೂರಾದ್ಮೇಲೆ ಮತ್ತೆ ಒಂದರಿಂದ."

ಎಷ್ಟು ನೂರು ಎಂದು ಚಿಕ್ಕವಳು ಕೇಳಿದಳು. ನಾಲ್ಕಾಯಿತು, ಐದನೆಯದಕ್ಕೆ ಕತ್ತಲಾಗಿ ಕಾಣಿಸಲಿಲ್ಲ ಎಂದಳು ಮಗಳು.

 ಅಷ್ಟು ವರ್ಷ ಊರಿಗೆಲ್ಲ ನ್ಯಾಯವೆಂದು ಹೇಳಿಕೊಂಡು ಬಂದದ್ದು ಅಜ್ಜಿಯ ಕಣ್ಣೆದುರೇ ಬಣ್ಣ ಕಳೆದುಕೊಂಡು ನಿಂತಿತ್ತು.

"ಅದು ಶಿಕ್ಷೆ ಅಲ್ಲ ಕಣೇ," ಎಂದಳು. "ನಾನು ನಿನ್ನ ಮರೆತೇಬಿಟ್ಟಿದ್ದೆ."

"ಗೊತ್ತು," ಎಂದಳು ಮಗಳು. "ನಂಗೆ ಆವತ್ತೇ ಗೊತ್ತಾಯ್ತು."

ದೊಡ್ಡವಳು ಸ್ಕೇಲನ್ನು ಪಕ್ಕಕ್ಕಿಟ್ಟು, ಅಜ್ಜಿಯ ಹೆಸರಿನ ಮುಂದೆ ಪ್ರಶ್ನೆಯನ್ನು ಬರೆಯತೊಡಗಿದಳು. ಅದರಲ್ಲಿ ಎರಡು ಕಾಗುಣಿತದ ತಪ್ಪು ಮಾಡಿದಳು. ಎರಡೂ ಅಜ್ಜಿಯ ಕಣ್ಣಿಗೆ ಬಿದ್ದವು. ಅವಳು ತುಟಿ ಪಿಟಕ್ಕೆನ್ನದೆ ಕೂತಳು.

ಮಗಳು ಒತ್ತುಯಂತ್ರದ ಹಿಡಿಕೆ ತಿರುಗಿಸಿ ಬಿಗಿ ಮಾಡಿದಳು. ಕೈ ಒರೆಸಿಕೊಂಡು, ಬಾಗಿಲ ಬಳಿ ಕೆಸರಾಗಿ ಬಿದ್ದಿದ್ದ ಅಜ್ಜಿಯ ಚಪ್ಪಲಿಯ ಕಡೆ ನೋಡಿದಳು.

"ನಾಳಿದ್ದು ಕಾಲುವೆ ಹತ್ರ ಹೋಗೋಕೆ ಅದು ಬೇಡಮ್ಮ, ಜಾರುತ್ತೆ. ನನ್ನ ಹಳೇ ಬೂಟು ಹಾಕ್ಕೋ," ಎಂದಳು. "ಮತ್ತೆ ನಮ್ಮ ಜೊತೇಲೇ ನಡಿ. ಹಿಂದೆ ನಾವಿದ್ದೀವಾ ಅಂತ ತಿರುಗಿ ನೋಡ್ತಿರು."